ಬರೆದಿಟ್ಟ ಚಿತ್ರ, ಲೆಕ್ಕ ಹಾಕಿದ ಚಿತ್ರ: ಕಂಪ್ಯೂಟರ್ ಆಟಗಳ ಗ್ರಾಫಿಕ್ಸ್ ಬಗೆಗಳು

ಅನಿಮೇಷನ್ ಸಿನಿಮಾದ ಒಂದೇ ಒಂದು ಫ್ರೇಮನ್ನು ಸಿದ್ಧಪಡಿಸಲು ಕಂಪ್ಯೂಟರುಗಳು ಗಂಟೆಗಟ್ಟಲೆ ದುಡಿದರೂ ನೋಡುಗರಿಗೆ ಅದರಿಂದ ಯಾವ ತೊಂದರೆಯೂ ಇಲ್ಲ. ಅವರು ಟಿಕೆಟ್ ಕೊಳ್ಳುವ ಎಷ್ಟೋ ಮೊದಲೇ ಆ ಕೆಲಸವೆಲ್ಲ ಮುಗಿದಿರುತ್ತದೆ. ಆಟದಲ್ಲಿ ಹಾಗಲ್ಲ. ಆಡುವವರು ಮುಂದಿನ ಕ್ಷಣ ಎಡಕ್ಕೆ ತಿರುಗುತ್ತಾರೋ ಬಲಕ್ಕೆ ತಿರುಗುತ್ತಾರೋ ಯಂತ್ರಕ್ಕೆ ಮೊದಲೇ ತಿಳಿಯದು. ಅವರು ಗುಂಡಿ ಒತ್ತಿದ ಮೇಲೆಯೇ ಚಿತ್ರ ತಯಾರಾಗಬೇಕು. ಸೆಕೆಂಡಿಗೆ 60 ಚಿತ್ರ ಎಂದಿಟ್ಟುಕೊಂಡರೆ ಒಂದೊಂದಕ್ಕೆ ಸಿಗುವ ಕಾಲ ಸುಮಾರು 16.7 ಮಿಲಿಸೆಕೆಂಡು. ಇಂದಿನ ಸಾಧಾರಣ ಪರದೆಯಲ್ಲಿ ಅಡ್ಡಕ್ಕೆ 1920, ಎತ್ತರಕ್ಕೆ 1080 ಚುಕ್ಕಿಗಳಿರುತ್ತವೆ. ಅಂದರೆ ಒಂದು ಚಿತ್ರಕ್ಕೆ 20 ಲಕ್ಷಕ್ಕೂ ಹೆಚ್ಚು, ಒಂದು ಸೆಕೆಂಡಿಗೆ 12 ಕೋಟಿಗೂ ಹೆಚ್ಚು ಪಿಕ್ಸೆಲ್‌ಗಳ ಬಣ್ಣ ನಿರ್ಧಾರವಾಗಬೇಕು.

ಈ ನಿರ್ಧಾರ ಎರಡು ವಿಧದಲ್ಲಿ ಆಗಬಹುದು. ಕಲಾವಿದರು ಮೊದಲೇ ಬರೆದ ಚಿತ್ರ ಮೆಮೊರಿಯಲ್ಲಿದ್ದು, ಯಂತ್ರ ಅದನ್ನು ತಕ್ಕ ಜಾಗಕ್ಕೆ ನಕಲು ಮಾಡುವುದು ಒಂದು. ಚಿತ್ರದ ಬದಲು ಅದನ್ನು ಹುಟ್ಟಿಸುವ ಸಂಖ್ಯೆಗಳೂ ಸೂತ್ರಗಳೂ ಮಾತ್ರ ಮೆಮೊರಿಯಲ್ಲಿದ್ದು, ಯಂತ್ರವೇ ಪ್ರತಿ ಸಲ ಲೆಕ್ಕ ಹಾಕಿ ಬಿಡಿಸುವುದು ಇನ್ನೊಂದು. ಮೊದಲನೆಯದು ಮೆಮೊರಿಯನ್ನು ಬೇಡುತ್ತದೆ, ಎರಡನೆಯದು ಪ್ರೊಸೆಸರಿನ ವೇಗವನ್ನು ಬೇಡುತ್ತದೆ. ಆಟಗಳ ಗ್ರಾಫಿಕ್ಸನ್ನು ಎರಡು ಆಯಾಮದ್ದು, ಮೂರು ಆಯಾಮದ್ದು ಎಂದು ವಿಂಗಡಿಸುವುದು ರೂಢಿ. ಅದು ತಪ್ಪೇನಲ್ಲ, ಆದರೆ ಚಿತ್ರ ಹೇಗೆ ಕಾಣುತ್ತದೆ ಎಂಬುದನ್ನು ಹೇಳುವ ಆ ವಿಂಗಡಣೆ, ಏಕೆ ಹಾಗೆ ಕಾಣುತ್ತದೆ ಎಂಬುದನ್ನು ಹೇಳುವುದಿಲ್ಲ. ಇದರಲ್ಲಿ ಬರೆದಿಟ್ಟದ್ದು ಎಷ್ಟು, ಲೆಕ್ಕ ಹಾಕಿದ್ದು ಎಷ್ಟು ಎಂದು ಕೇಳಿದರೆ ಕಾರಣವೂ ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಮೊದಲ ಆಟಗಳಲ್ಲಿ ಬರೆದಿಡಲು ಜಾಗವೇ ಇರಲಿಲ್ಲ. 1962ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಪಿಡಿಪಿ-1 ಎಂಬ ಕಂಪ್ಯೂಟರಿನ ಮೇಲೆ ರೂಪಿಸಿದ ‘ಸ್ಪೇಸ್‌ವಾರ್’ ಆಟದಲ್ಲಿ, ಪರದೆಯ ಯಾವ ಬಿಂದು ಬೆಳಗಬೇಕೆಂದು ಪ್ರೋಗ್ರಾಮು ಒಂದೊಂದಾಗಿ ಹೇಳುತ್ತಿತ್ತು. ಇದರ ಮುಂದಿನ ಹೆಜ್ಜೆಯೇ ವೆಕ್ಟರ್ ಪರದೆ. ಹಳೆಯ ಟಿವಿಯ ಎಲೆಕ್ಟ್ರಾನ್ ಕಿರಣ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಹರಿಯುತ್ತಿತ್ತು. ವೆಕ್ಟರ್ ಪರದೆಯಲ್ಲಾದರೋ ಕಿರಣ ನೇರವಾಗಿ ಈ ಬಿಂದುವಿನಿಂದ ಆ ಬಿಂದುವಿಗೆ ಗೆರೆ ಎಳೆಯುತ್ತದೆ. ಹೀಗಾಗಿ ಇಡೀ ಪರದೆಯ ಚುಕ್ಕಿಗಳನ್ನು ನೆನಪಿಟ್ಟುಕೊಳ್ಳುವ ಅಗತ್ಯವೇ ಇಲ್ಲ, ಗೆರೆಗಳ ತುದಿಗಳು ಗೊತ್ತಿದ್ದರೆ ಸಾಕು. ಅಟಾರಿ ಕಂಪನಿಯ 1979ರ ‘ಆಸ್ಟರಾಯ್ಡ್ಸ್’ ಆಟದ ಗೆರೆಗಳು ಕತ್ತಲಲ್ಲಿ ಹೊಳೆಯುತ್ತ, ಓರೆಯಾದಾಗಲೂ ಮೆಟ್ಟಿಲು ಮೆಟ್ಟಿಲಾಗದೆ ನುಣುಪಾಗಿ ಕಾಣುತ್ತಿದ್ದುದು ಇದರಿಂದಲೇ. ಮರುವರ್ಷ ಬಂದ ‘ಬ್ಯಾಟಲ್‌ಜೋನ್’ ಇದೇ ವಿಧಾನದಲ್ಲಿ ಮೂರು ಆಯಾಮದ ಟ್ಯಾಂಕುಗಳನ್ನು ಗೆರೆಯ ಹಂದರವಾಗಿ ತೋರಿಸಿತು. ಅದರಿಂದ ಆಕರ್ಷಿತವಾದ ಅಮೆರಿಕದ ಸೇನೆ ತರಬೇತಿಗೆಂದು ಅದರದೊಂದು ಮಾರ್ಪಾಟನ್ನು ಮಾಡಿಸಿಕೊಂಡಿತು. ಆದರೆ ಗೆರೆ ಹೆಚ್ಚಾದಷ್ಟೂ ಕಿರಣದ ಪಯಣ ಉದ್ದವಾಗಿ ಚಿತ್ರ ಮಿನುಗತೊಡಗುತ್ತದೆ, ಆಕೃತಿಗಳ ಒಳಗೆ ಬಣ್ಣ ತುಂಬುವುದೂ ಕಷ್ಟ. ಮೆಮೊರಿ ಅಗ್ಗವಾದಂತೆ ವೆಕ್ಟರ್ ಪರದೆ ಮರೆಯಾಯಿತು. ಇಂದು ವೆಕ್ಟರ್ ಗ್ರಾಫಿಕ್ಸ್ ಎಂದಾಗ ನಾವು ಹೇಳುವುದು ಪರದೆಯ ಮಾತನ್ನಲ್ಲ, ರೇಖೆ ಮತ್ತು ವಕ್ರರೇಖೆಗಳ ಸೂತ್ರವಾಗಿ ಉಳಿಸಿದ ಚಿತ್ರದ ಮಾತನ್ನು. 2020ರ ಕೊನೆಗೆ ಬೆಂಬಲ ನಿಂತುಹೋದ ಫ್ಲ್ಯಾಶ್ ತಂತ್ರಾಂಶದ ಆಟಗಳು ಹೆಚ್ಚಾಗಿ ಆ ಜಾತಿಯವು.

ಚುಕ್ಕಿಗಳ ಚಿತ್ರಕ್ಕೆ, ಅಂದರೆ ಬಿಟ್‌ಮ್ಯಾಪ್‌ಗೆ, ಬರೋಣ. ಇಲ್ಲಿ ಪರದೆಯ ಪ್ರತಿ ಚುಕ್ಕಿಗೂ ಮೆಮೊರಿಯಲ್ಲಿ ಒಂದು ಸ್ಥಾನ. 1997ರ ನೋಕಿಯಾ 6110 ಫೋನಿನ ‘ಸ್ನೇಕ್’ ಹರಿದಾಡಿದ ಪರದೆಯಲ್ಲಿ 84ಕ್ಕೆ 48ರಂತೆ 4,032 ಚುಕ್ಕಿಗಳಿದ್ದವು. ಕಪ್ಪು ಅಥವಾ ಖಾಲಿ ಎಂಬ ಎರಡೇ ಸ್ಥಿತಿಯಾದ್ದರಿಂದ ಚುಕ್ಕಿಗೊಂದು ಬಿಟ್ ಸಾಕು; 8 ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಇಡೀ ಚಿತ್ರ 504 ಬೈಟ್‌ಗಳಲ್ಲಿ ಮುಗಿಯುತ್ತದೆ. ಅದಕ್ಕೂ ಎರಡು ದಶಕ ಹಿಂದೆ, 1978ರಲ್ಲಿ, ಜಪಾನಿನ ಟೊಮೊಹಿರೊ ನಿಶಿಕಾಡೊ ರೂಪಿಸಿದ ‘ಸ್ಪೇಸ್ ಇನ್ವೇಡರ್ಸ್’ ಆಟದ ಪರದೆಗೆ 7,168 ಬೈಟ್ ಬೇಕಾಗಿತ್ತು. ಅಷ್ಟು ಚುಕ್ಕಿಗಳನ್ನು ಪ್ರೊಸೆಸರ್ ತಾನೇ ಅಳಿಸಿ ಬರೆಯಬೇಕಾದ್ದರಿಂದ 55 ಶತ್ರುಗಳನ್ನು ಒಟ್ಟಿಗೆ ಕದಲಿಸಲು ಅದಕ್ಕೆ ಸಾಧ್ಯವಿರಲಿಲ್ಲ; ಫ್ರೇಮಿಗೊಂದರಂತೆ ಸರದಿಯಲ್ಲಿ ಕದಲಿಸುತ್ತಿತ್ತು. ಎಲ್ಲರೂ ಬದುಕಿರುವಾಗ ಸರದಿ ಮುಗಿಯಲು ಹೆಚ್ಚುಕಡಿಮೆ ಒಂದು ಸೆಕೆಂಡು ಹಿಡಿಯುತ್ತದೆ, ಒಬ್ಬನೇ ಉಳಿದಾಗ ಅವನು ಪ್ರತಿ ಫ್ರೇಮಿನಲ್ಲೂ ಕದಲುತ್ತಾನೆ. ಶತ್ರುಗಳು ಕಡಿಮೆಯಾದಂತೆ ಆಟ ಬಿರುಸಾಗುವ ಆ ಪ್ರಸಿದ್ಧ ಲಕ್ಷಣ ಯಂತ್ರದ ನಿಧಾನಗತಿಯ ಫಲ. ಗ್ರಾಫಿಕ್ಸ್ ಎಂಬುದು ಆಟಕ್ಕೆ ಹೊದಿಸಿದ ಅಲಂಕಾರ ಎನ್ನುವವರಿಗೆ ನಾನು ಯಾವಾಗಲೂ ಈ ಉದಾಹರಣೆ ಕೊಡುತ್ತೇನೆ.

ಟಿವಿಗೆ ಜೋಡಿಸಿ ಆಡುವ 1977ರ ಅಟಾರಿ 2600 ಯಂತ್ರದಲ್ಲಿ ಇಷ್ಟೂ ಅನುಕೂಲವಿರಲಿಲ್ಲ. ಅದರ ಮೆಮೊರಿ 128 ಬೈಟ್ ಮಾತ್ರ. ಇಡೀ ಪರದೆಯನ್ನು ಎಲ್ಲೂ ಇಡಲಾಗದ ಕಾರಣ, ಟಿವಿಯ ಕಿರಣ ಒಂದೊಂದು ಸಾಲನ್ನು ಎಳೆಯುತ್ತಿರುವಾಗಲೇ ಆ ಸಾಲಿನಲ್ಲಿ ಏನಿರಬೇಕೆಂದು ಪ್ರೋಗ್ರಾಮು ಚಿಪ್ಪಿಗೆ ತಿಳಿಸುತ್ತ ಹೋಗಬೇಕಿತ್ತು.

ಈ ಇಕ್ಕಟ್ಟಿನಿಂದ ಹೊರಬರಲು ಕಂಡುಕೊಂಡ ದಾರಿಯೇ ಟೈಲ್ ಮತ್ತು ಸ್ಪ್ರೈಟ್. ನಿಂಟೆಂಡೊ ಕಂಪನಿಯ 1983ರ ಫ್ಯಾಮಿಕಾಮ್, ಅಂದರೆ ಜಪಾನಿನ ಹೊರಗೆ ಎನ್‌ಇಎಸ್ ಎಂದು ಹೆಸರಾದ ಯಂತ್ರ, ಇದರ ಉತ್ತಮ ಮಾದರಿ. ಅದರ ಪರದೆ 256ಕ್ಕೆ 240 ಚುಕ್ಕಿ. ಪ್ರತಿ ಚುಕ್ಕಿಗೆ 2 ಬಿಟ್‌ನಂತೆ ಬರೆದಿಟ್ಟರೂ 15,360 ಬೈಟ್ ಬೇಕು. ಆದರೆ ಯಂತ್ರದಲ್ಲಿ ಚಿತ್ರಕ್ಕೆಂದು ಇದ್ದ ಮೆಮೊರಿ ಕೇವಲ 2 ಕಿಲೋಬೈಟ್. ಆದ್ದರಿಂದ ಅದು ಚಿತ್ರವನ್ನು ಇಡುವ ಬದಲು ಚಿತ್ರದ ಪಟ್ಟಿಯನ್ನು ಇಟ್ಟಿತು. ಹಳೆಯ ಮುದ್ರಣಾಲಯದಲ್ಲಿ ಅದೇ ಅಚ್ಚುಮೊಳೆಗಳನ್ನು ಬೇರೆ ಬೇರೆ ಕ್ರಮದಲ್ಲಿ ಜೋಡಿಸಿ ಯಾವ ಪುಟವನ್ನಾದರೂ ಕಟ್ಟುತ್ತಿದ್ದಂತೆ, 8ಕ್ಕೆ 8 ಚುಕ್ಕಿಯ ಸಣ್ಣ ಟೈಲ್‌ಗಳನ್ನು ಕಾರ್ಟ್ರಿಜ್‌ನಲ್ಲಿ, ಅಂದರೆ ಆಟವನ್ನು ತುಂಬಿಕೊಟ್ಟ ಡಬ್ಬಿಯಲ್ಲಿ, ಬರೆದಿಟ್ಟು, ಪರದೆಯ 32ಕ್ಕೆ 30 ಮನೆಗಳಲ್ಲಿ ಯಾವುದರಲ್ಲಿ ಯಾವ ಟೈಲ್ ಎಂಬ ಸಂಖ್ಯೆಗಳನ್ನಷ್ಟೇ ಮೆಮೊರಿಯಲ್ಲಿಟ್ಟರು. ಆ ಪಟ್ಟಿಗೆ 960 ಬೈಟ್, ಬಣ್ಣದ ಸೂಚನೆಗೆ ಇನ್ನೊಂದು 64 ಬೈಟ್, ಒಟ್ಟು ಒಂದು ಕಿಲೋಬೈಟಿನಲ್ಲಿ ಇಡೀ ಪರದೆ ಸಿದ್ಧ. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಆಟದಲ್ಲಿ ಆಕಾಶದ ಮೋಡವೂ ನೆಲದ ಪೊದೆಯೂ ಒಂದೇ ಆಕಾರ. ಒಂದಕ್ಕೆ ಬಿಳಿ, ಇನ್ನೊಂದಕ್ಕೆ ಹಸಿರು. ಇಡೀ ಆಟ 40 ಕಿಲೋಬೈಟ್. ನಿಮ್ಮ ಫೋನ್ ತೆಗೆಯುವ ಒಂದು ಫೋಟೋ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ಹಿನ್ನೆಲೆಯ ಟೈಲ್‌ಗಳನ್ನು ಕೆಡಿಸದೆ ಅವುಗಳ ಮೇಲೆ ಓಡಾಡುವ ಬಿಡಿ ಚಿತ್ರವೇ ಸ್ಪ್ರೈಟ್. ಫ್ಯಾಮಿಕಾಮ್‌ನಲ್ಲಿ ಒಟ್ಟು 64 ಸ್ಪ್ರೈಟ್‌ಗಳಿಗೆ ಅವಕಾಶವಿದ್ದರೂ ಒಂದೇ ಅಡ್ಡಸಾಲಿನಲ್ಲಿ 8ಕ್ಕಿಂತ ಹೆಚ್ಚು ಕಾಣಿಸುವಂತಿರಲಿಲ್ಲ. ಹೆಚ್ಚಾದಾಗ ಸರದಿಯಂತೆ ಒಂದೊಂದನ್ನು ಬಿಟ್ಟು ತೋರಿಸುತ್ತಿದ್ದರು, ಹಾಗಾಗಿ ಪಾತ್ರಗಳು ಮಿನುಗುತ್ತಿದ್ದವು. ಒಂದು ಸ್ಪ್ರೈಟಿಗೆ ಮೂರೇ ಬಣ್ಣ. ಇದಕ್ಕೂ ಮೊದಲು, 1981ರ ‘ಡಾಂಕಿ ಕಾಂಗ್’ ಆಟಕ್ಕಾಗಿ ಶಿಗೆರು ಮಿಯಾಮೊಟೊ ಮಾರಿಯೊನ ರೂಪ ಬಿಡಿಸುವಾಗ, ಅಷ್ಟು ಕಡಿಮೆ ಚುಕ್ಕಿಗಳಲ್ಲಿ ಬಾಯಿ ಬರೆಯುವ ಕಷ್ಟಕ್ಕೆ ಮೀಸೆಯನ್ನೂ, ಕೂದಲು ಬರೆಯುವ ಕಷ್ಟಕ್ಕೆ ಟೋಪಿಯನ್ನೂ ಉತ್ತರವಾಗಿ ಕಂಡುಕೊಂಡರು. ಇಂದು ಪಿಕ್ಸೆಲ್ ಆರ್ಟ್ ಎಂಬುದು ಬಡತನದ ಗುರುತಾಗಿ ಉಳಿದಿಲ್ಲ. 2016ರ ‘ಸ್ಟಾರ್‌ಡ್ಯೂ ವ್ಯಾಲಿ’ಯಂಥ ಆಟಗಳು ಅದನ್ನು ಬೇಕೆಂದೇ ಆರಿಸಿಕೊಂಡಿವೆ. ಆದರೆ ಚುಕ್ಕಿ ದೊಡ್ಡದಾದ ಮಾತ್ರಕ್ಕೆ ಅದು ಪಿಕ್ಸೆಲ್ ಆರ್ಟ್ ಆಗುವುದಿಲ್ಲ. ಪ್ರತಿ ಚುಕ್ಕಿ ಅಲ್ಲೇ ಏಕಿದೆ ಎಂದು ಬರೆದವರಿಗೆ ಗೊತ್ತಿರಬೇಕು.

ಬರೆದಿಟ್ಟ ಚಿತ್ರಕ್ಕೆ ಜೀವಂತ ಚಲನೆ ತರುವ ಪ್ರಯತ್ನಗಳಲ್ಲಿ 1989ರ ‘ಪ್ರಿನ್ಸ್ ಆಫ್ ಪರ್ಷಿಯಾ’ ದೊಡ್ಡದು. 90ರ ದಶಕದಲ್ಲಿ ನಮ್ಮ ಊರುಗಳ ಕಂಪ್ಯೂಟರ್ ತರಗತಿಗಳಲ್ಲಿ ಕೂತವರಲ್ಲಿ ಅನೇಕರಿಗೆ ಅದರ ಪರಿಚಯ ಇದ್ದೇ ಇರುತ್ತದೆ. ಜೋರ್ಡನ್ ಮೆಕ್ನರ್ ತಮ್ಮ ಸಹೋದರ ಓಡುವುದನ್ನೂ ಜಿಗಿಯುವುದನ್ನೂ ವಿಡಿಯೊದಲ್ಲಿ ಸೆರೆಹಿಡಿದು, ಫ್ರೇಮ್‌ಗಳನ್ನು ತಿದ್ದಿ ಸ್ಪ್ರೈಟ್‌ಗಳಾಗಿಸಿದರು. ಆ ರಾಜಕುಮಾರ ಓಡುತ್ತಿರುವಾಗ ಥಟ್ಟನೆ ನಿಲ್ಲಲಾರ, ನಾಲ್ಕು ಹೆಜ್ಜೆ ಜಾರುತ್ತಾನೆ. ನೈಜ ದೇಹದ ಚಲನೆ ಬರೆದಿಟ್ಟದ್ದರಿಂದ ನೈಜ ದೇಹದ ಭಾರವೂ ಆಟದೊಳಗೆ ಬಂತು.

ಆಳದ ಭ್ರಮೆ ಹುಟ್ಟಿಸುವ ಉಪಾಯಗಳು ಅನೇಕ. 1982ರ ‘ಜಾಕ್ಸನ್’, 1993ರ ‘ಸಿಮ್‌ಸಿಟಿ 2000’ ಮುಂತಾದವು ಲೋಕವನ್ನು ಮೂಲೆಯಿಂದ ಓರೆಯಾಗಿ ನೋಡಿದಂತೆ ಬರೆದವು. ದೂರದ್ದು ಚಿಕ್ಕದಾಗದ ಈ ನೋಟದಲ್ಲಿ ಒಂದೇ ಟೈಲನ್ನು ಎಲ್ಲಿ ಬೇಕಾದರೂ ಇಡಬಹುದು. ಇನ್ನೊಂದು ಉಪಾಯವೆಂದರೆ ಶಕ್ತಿಶಾಲಿ ಯಂತ್ರದಲ್ಲಿ ಮೊದಲೇ ಲೆಕ್ಕ ಹಾಕಿ, ಫಲವನ್ನು ಚಿತ್ರವಾಗಿ ಉಳಿಸಿಕೊಳ್ಳುವುದು. 1993ರ ‘ಮಿಸ್ಟ್’ ಆಟದ ದ್ವೀಪದ ನೋಟಗಳು ಹೀಗೆ ತಯಾರಾಗಿ ಸಿಡಿಯಲ್ಲಿ ಬಂದವು, 1994ರ ‘ಡಾಂಕಿ ಕಾಂಗ್ ಕಂಟ್ರಿ’ಯ ಪಾತ್ರಗಳು ಸಿಲಿಕಾನ್ ಗ್ರಾಫಿಕ್ಸ್ ಯಂತ್ರಗಳಲ್ಲಿ ರೂಪುಗೊಂಡು ಸ್ಪ್ರೈಟ್‌ಗಳಾಗಿ ಇಳಿದವು. ಚಿತ್ರ ಸೊಗಸಾಗಿರುತ್ತದೆ, ಆದರೆ ಮೊದಲೇ ತೆಗೆದಿಡದ ಕೋನದಿಂದ ಆಡುವವರು ಏನನ್ನೂ ನೋಡಲಾರರು.

ಎಲ್ಲಿ ಬೇಕಾದರೂ ನಿಂತು ಎತ್ತ ಬೇಕಾದರೂ ನೋಡಬೇಕೆಂದರೆ ಲೆಕ್ಕವೇ ಗತಿ. ಸಾಧಾರಣ ಪಿಸಿಗಳಲ್ಲಿ ಇದನ್ನು ವೇಗವಾಗಿ ಸಾಧಿಸಿದ ಕೀರ್ತಿ 1992ರ ‘ವುಲ್ಫೆನ್‌ಸ್ಟೈನ್ 3ಡಿ’ ಮತ್ತು 1993ರ ‘ಡೂಮ್’ ಆಟಗಳ ಹಿಂದಿದ್ದ ಜಾನ್ ಕಾರ್ಮ್ಯಾಕ್ ಮತ್ತು ಅವರ ತಂಡಕ್ಕೆ ಸಲ್ಲಬೇಕು. ಮೊದಲನೆಯದರ ಉಪಾಯ ಬಹಳ ಸರಳ. ಲೋಕವನ್ನು ಚದರಂಗದ ಹಾಸಿನಂಥ ನಕ್ಷೆಯಾಗಿ ಇಟ್ಟುಕೊಂಡು, ಪರದೆಯ ಪ್ರತಿ ಲಂಬ ಸಾಲಿಗೆ ಒಂದರಂತೆ ಕಣ್ಣಿನಿಂದ ಕಿರಣವೊಂದನ್ನು ಕಳಿಸಿ, ಅದು ಎಷ್ಟು ದೂರದಲ್ಲಿ ಗೋಡೆಗೆ ಬಡಿಯಿತೆಂದು ನೋಡುತ್ತಾರೆ. ಹತ್ತಿರವಿದ್ದರೆ ಅಲ್ಲಿ ಗೋಡೆಯ ಪಟ್ಟಿ ಎತ್ತರ, ದೂರವಿದ್ದರೆ ಗಿಡ್ಡ. ಹತ್ತಾರು ಸಾವಿರ ಚುಕ್ಕಿಗಳ ಬದಲು ಕೆಲವು ನೂರು ಕಿರಣಗಳ ಲೆಕ್ಕದಲ್ಲಿ ಕೆಲಸ ಮುಗಿಯಿತು. ಇದಕ್ಕೆ ತೆತ್ತ ಬೆಲೆಯೆಂದರೆ ಎಲ್ಲ ಗೋಡೆಗಳೂ ಒಂದೇ ಎತ್ತರ, ಎಲ್ಲ ಮೂಲೆಗಳೂ ಲಂಬಕೋನ. ‘ಡೂಮ್’ ಬೇರೆ ವಿಧಾನ ಹಿಡಿದು ಓರೆ ಗೋಡೆಗಳನ್ನೂ ಏರಿಳಿತದ ನೆಲವನ್ನೂ ತಂದಿತು. ಆದರೂ ಅದರ ನಕ್ಷೆ ಮೂಲತಃ ಕಾಗದದ ಮೇಲಿನ ನಕ್ಷೆಯೇ ಆದ್ದರಿಂದ ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ಇರುವಂತಿರಲಿಲ್ಲ. ಅದರ ರಾಕ್ಷಸರು ಇನ್ನೂ ಬರೆದಿಟ್ಟ ಸ್ಪ್ರೈಟ್‌ಗಳೇ: ಎಂಟು ದಿಕ್ಕಿನಿಂದ ಕಾಣುವ ಚಿತ್ರಗಳನ್ನಿಟ್ಟುಕೊಂಡು ನೋಡುವ ಕೋನಕ್ಕೆ ತಕ್ಕದ್ದನ್ನು ತೋರಿಸುತ್ತಿದ್ದರು.

1996ರ ‘ಕ್ವೇಕ್’ ರಾಕ್ಷಸರನ್ನೂ ಲೆಕ್ಕಕ್ಕೆ ಒಪ್ಪಿಸಿತು. ಲೋಕದಲ್ಲಿರುವುದೆಲ್ಲ ಬಿಂದುಗಳು, ಆ ಬಿಂದುಗಳನ್ನು ಕೂಡಿಸುವ ಬಹುಭುಜಗಳು. ಇಂದು ಹೆಚ್ಚುಕಡಿಮೆ ಎಲ್ಲ ಆಟಗಳೂ ತ್ರಿಭುಜಗಳನ್ನೇ ನೆಚ್ಚಿಕೊಂಡಿರುವುದಕ್ಕೆ ಕಾರಣ ಶಾಲೆಯ ರೇಖಾಗಣಿತದಲ್ಲೇ ಇದೆ: ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ, ನಾಲ್ಕು ಇರಬೇಕೆಂದೇನಿಲ್ಲ. ಈ ತ್ರಿಭುಜಗಳಿಗೆ ಅಂಟಿಸುವ ಚಿತ್ರವೇ ಟೆಕ್ಸ್ಚರ್. ಎಡ್ ಕ್ಯಾಟ್ಮಲ್ 1974ರಲ್ಲಿ ಯೂಟಾ ವಿಶ್ವವಿದ್ಯಾಲಯದ ತಮ್ಮ ಪ್ರಬಂಧದಲ್ಲಿ ನಿರೂಪಿಸಿದ ಈ ತಂತ್ರದಲ್ಲಿ ನಮ್ಮ ಎರಡೂ ಬಗೆಗಳು ಒಂದಾಗುತ್ತವೆ; ಆಕಾರ ಲೆಕ್ಕದ್ದು, ಮೈಬಣ್ಣ ಬರೆದಿಟ್ಟದ್ದು.

ಈ ಕೂಡಿಕೆಯಲ್ಲಿ ಎಲ್ಲಿ ಉಳಿತಾಯ ಮಾಡಿದರೆಂಬುದು ಆಗಿನ ಎರಡು ಯಂತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಕಣ್ಣಿಗೇ ಕಾಣುತ್ತದೆ. ಸೋನಿಯ ಮೊದಲ ಪ್ಲೇಸ್ಟೇಷನ್‌ನಲ್ಲಿ, ತ್ರಿಭುಜ ಬಿಡಿಸುವ ಚಿಪ್ಪಿಗೆ ಅದರ ಮೂಲೆಗಳು ಪರದೆಯ ಮೇಲೆ ಎಲ್ಲಿವೆ ಎಂಬುದಷ್ಟೇ ತಿಳಿಯುತ್ತಿತ್ತು, ಎಷ್ಟು ಆಳದಲ್ಲಿವೆ ಎಂಬುದು ತಿಳಿಯುತ್ತಿರಲಿಲ್ಲ. ಹೀಗಾಗಿ ಹತ್ತಿರದ ನೆಲದ ಮೇಲಿನ ಗೆರೆಗಳು ಬಾಗಿ ಅಂಕುಡೊಂಕಾಗುತ್ತಿದ್ದವು. ಮೂಲೆಗಳ ಸ್ಥಾನ ಪೂರ್ಣಾಂಕಗಳಲ್ಲೇ ಇರಬೇಕಾದ್ದರಿಂದ ಆಕೃತಿಗಳು ನಡುಗುತ್ತಿದ್ದವು. 1996ರ ನಿಂಟೆಂಡೊ 64 ಈ ಎರಡೂ ದೋಷಗಳನ್ನು ನಿವಾರಿಸಿತು, ಆದರೆ ಅದರ ಟೆಕ್ಸ್ಚರ್ ಮೆಮೊರಿ 4 ಕಿಲೋಬೈಟ್ ಮಾತ್ರ. 16 ಬಿಟ್ ಬಣ್ಣದಲ್ಲಿ 64ಕ್ಕೆ 32 ಚುಕ್ಕಿಯ ಚಿತ್ರವೊಂದಕ್ಕೇ ಅದು ಭರ್ತಿ. ಅಷ್ಟು ಪುಟ್ಟ ಚಿತ್ರವನ್ನು ಹಿಗ್ಗಿಸಿ ನುಣುಪು ಮಾಡಿದ್ದರಿಂದ ಎಲ್ಲವೂ ಮಸುಕು. ಒಂದರಲ್ಲಿ ನಡುಕ, ಇನ್ನೊಂದರಲ್ಲಿ ಮಸುಕು. ಈಚಿನ ಕೆಲವು ಭಯಾನಕ ಆಟಗಳು ಆ ನಡುಕವನ್ನು ಬೇಕೆಂದೇ ಲೆಕ್ಕ ಹಾಕಿ ತರಿಸಿಕೊಳ್ಳುತ್ತಿರುವುದು ನನಗೆ ತಮಾಷೆಯೆನಿಸುತ್ತದೆ.

ಆಮೇಲಿನ ಬೆಳವಣಿಗೆ ಚಿತ್ರದ ಲೆಕ್ಕಕ್ಕೆಂದೇ ಕಂಪ್ಯೂಟರಿಗೆ ಸೇರಿಸುವ ಗ್ರಾಫಿಕ್ಸ್ ಕಾರ್ಡಿನದು. 1999ರ ಜಿಫೋರ್ಸ್ 256 ಬಿಂದುಗಳನ್ನು ತಿರುಗಿಸುವ, ಬೆಳಕು ಹಾಕುವ ಲೆಕ್ಕವನ್ನೂ ಪ್ರೊಸೆಸರಿನಿಂದ ತನ್ನ ಮೇಲೆ ತೆಗೆದುಕೊಂಡಿತು. 2001ರ ಜಿಫೋರ್ಸ್ 3 ಬಂದಮೇಲೆ, ಬಣ್ಣ ಹೇಗೆ ನಿರ್ಧಾರವಾಗಬೇಕೆಂಬುದನ್ನು ಆಟ ಬರೆಯುವವರೇ ಪುಟ್ಟ ಪ್ರೋಗ್ರಾಮುಗಳಾಗಿ ಬರೆಯತೊಡಗಿದರು, ಇವೇ ಶೇಡರ್‌ಗಳು. ನೀರಿನ ಹೊಳಪು, ಒದ್ದೆ ರಸ್ತೆ, ಚರ್ಮದ ಒಳಗಿಂದ ಸೋಸಿಬರುವ ಬೆಳಕು ಎಲ್ಲವೂ ಇವುಗಳ ಕೆಲಸ. ಶೇಡರ್ ಎಂದರೆ ನೈಜತೆಯ ಉಪಕರಣ ಎಂದು ತಿಳಿಯಬಾರದು. 2002ರ ‘ವಿಂಡ್ ವೇಕರ್’ ಬೆಳಕನ್ನು ಎರಡು ಮೂರು ಮೆಟ್ಟಿಲುಗಳಾಗಿ ಕತ್ತರಿಸಿ, ಮೂರು ಆಯಾಮದ ಲೋಕವನ್ನು ಕಾರ್ಟೂನಿನಂತೆ ತೋರಿಸಿತು. ಆ ವರ್ಷದ ನೈಜ ಶೈಲಿಯ ಆಟಗಳಿಗಿಂತ ಅದೇ ಇಂದಿಗೂ ಕಣ್ಣಿಗೆ ಹಿತ.

ಹಾಗೆಂದು ಬರೆದಿಟ್ಟದ್ದು ಕಾಣೆಯಾಯಿತೆಂದಲ್ಲ. ‘ಕ್ವೇಕ್’ ಆಟದ ಗೋಡೆಗಳ ಮೇಲಿನ ನೆಳಲುಬೆಳಕು ಮೊದಲೇ ಲೆಕ್ಕ ಹಾಕಿ ಉಳಿಸಿದ್ದು. ಕಲಾವಿದರು ಲಕ್ಷಾಂತರ ತ್ರಿಭುಜಗಳ ಶಿಲ್ಪವನ್ನು ಕಡೆದು, ಅದರ ಉಬ್ಬುತಗ್ಗುಗಳನ್ನು ನಾರ್ಮಲ್ ಮ್ಯಾಪ್ ಎಂಬ ಚಿತ್ರಕ್ಕೆ ಇಳಿಸಿ, ಕೆಲವೇ ಸಾವಿರ ತ್ರಿಭುಜಗಳ ಹಗುರ ಆಕೃತಿಗೆ ಹೊದಿಸುತ್ತಾರೆ; ಬೆಳಕು ಬಿದ್ದಾಗ ಇಲ್ಲದ ಸುಕ್ಕು ಇದ್ದಂತೆ ತೋರುತ್ತದೆ. ಈ ಬಗೆಯ ಕೆಲಸದಲ್ಲಿ ಬೆಂಗಳೂರಿಗೂ ಪಾಲಿದೆ. 1997ರಲ್ಲಿ ರಾಜೇಶ್ ರಾವ್ ಇಲ್ಲಿ ಆರಂಭಿಸಿದ ಧ್ರುವ ಇಂಟರ್ಯಾಕ್ಟಿವ್ ಸಂಸ್ಥೆ ವಿದೇಶಿ ಆಟಗಳಿಗೆ ಚಿತ್ರಕಲೆಯ ಕೆಲಸ ಮಾಡಿಕೊಡುತ್ತ ಬೆಳೆದು, 2019ರಲ್ಲಿ ರಾಕ್‌ಸ್ಟಾರ್ ಕಂಪನಿಯ ಪಾಲಾಯಿತು. ಆಟದ ಮುಖಪುಟದಲ್ಲಿ ಹೆಸರು ಕಾಣದಿದ್ದರೂ ಅದರೊಳಗಿನ ಕಾರು, ಕಟ್ಟಡಗಳನ್ನು ರೂಪಿಸಿದ ಕೈಗಳು ನಮ್ಮ ನೆರೆಮನೆಯವರದೂ ಆಗಿರಬಹುದು.

ವಾಕ್ಸೆಲ್‌ಗಳ ಬಗ್ಗೆ ಎರಡು ಮಾತು ಸಾಕು. ಪಿಕ್ಸೆಲ್ ಚಪ್ಪಟೆ ಚುಕ್ಕಿಯಾದರೆ ವಾಕ್ಸೆಲ್ ಘನ ಚುಕ್ಕಿ; ಲೋಕವನ್ನು ಮೇಲ್ಮೈಯಾಗಿ ಅಲ್ಲದೆ ಪುಟ್ಟ ಘನಗಳ ರಾಶಿಯಾಗಿ ಇಡುವುದರಿಂದ ಅಗೆಯುವುದೂ ಕಟ್ಟುವುದೂ ಸುಲಭ. ‘ಮೈನ್‌ಕ್ರಾಫ್ಟ್’ ಲೋಕವನ್ನು ಇಟ್ಟುಕೊಳ್ಳುವುದು ಹೀಗೆಯೇ, ಆದರೆ ಪರದೆಗೆ ಬಿಡಿಸುವಾಗ ಹೊರಗೆ ಕಾಣುವ ಮುಖಗಳನ್ನು ಮಾತ್ರ ಬಹುಭುಜಗಳಾಗಿಸುತ್ತದೆ.

ಲೆಕ್ಕದ ತುತ್ತತುದಿ ರೇ ಟ್ರೇಸಿಂಗ್. ಟರ್ನರ್ ವಿಟೆಡ್ 1980ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಕಣ್ಣಿನಿಂದ ಹೊರಟ ಕಿರಣ ವಸ್ತುವಿಗೆ ತಾಗಿ ಅಲ್ಲಿಂದ ಕನ್ನಡಿಯಂತೆ ಪುಟಿದು, ಗಾಜಿನಂತೆ ಹಾದು, ದೀಪದ ಕಡೆ ನೋಡಿ ನೆರಳಿದೆಯೇ ಎಂದು ಪರೀಕ್ಷಿಸುತ್ತದೆ. ಅದು ಆಟಗಳಿಗೆ ನಿಜವಾಗಿ ಎಟುಕಿದ್ದು 2018ರಲ್ಲಿ ಎನ್‌ವಿಡಿಯಾದ ಆರ್‌ಟಿಎಕ್ಸ್ ಕಾರ್ಡುಗಳು ಬಂದ ಮೇಲೆ. ಆಗಲೂ 16 ಮಿಲಿಸೆಕೆಂಡಿನಲ್ಲಿ ಪಿಕ್ಸೆಲ್‌ಗೆ ಕೆಲವೇ ಕಿರಣಗಳನ್ನು ಕಳಿಸಲು ಸಾಧ್ಯ, ಬರುವ ಚಿತ್ರ ಕಾಳುಕಾಳಾಗಿರುತ್ತದೆ. ಅದನ್ನು ಸೋಸಿ ನುಣುಪು ಮಾಡುವುದಕ್ಕೂ, ಚಿಕ್ಕದಾಗಿ ಬಿಡಿಸಿದ ಚಿತ್ರವನ್ನು ದೊಡ್ಡದು ಮಾಡುವುದಕ್ಕೂ ಈಗ ಮೊದಲೇ ತರಬೇತಾದ ನರಜಾಲಗಳನ್ನು, ಅಂದರೆ ಉದಾಹರಣೆಗಳನ್ನು ನೋಡಿ ಕಲಿತ ಪ್ರೋಗ್ರಾಮುಗಳನ್ನು, ಬಳಸುತ್ತಾರೆ. ಅಂದರೆ ಪರದೆಯ ಮೇಲಿನ ಪಿಕ್ಸೆಲ್‌ಗಳಲ್ಲಿ ಒಂದು ಪಾಲು ಬರೆದಿಟ್ಟದ್ದೂ ಅಲ್ಲ, ದೃಶ್ಯದಿಂದ ಲೆಕ್ಕ ಹಾಕಿದ್ದೂ ಅಲ್ಲ, ಊಹೆ ಮಾಡಿದ್ದು. ನನ್ನ ಎರಡು ಬಗೆಗಳ ವಿಂಗಡಣೆಗೆ ಇದು ಪೂರ್ತಿ ಒಗ್ಗುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಕನ್ನಡದಲ್ಲಿ ಆಟಗಳು ಏಕೆ ಕಡಿಮೆ ಎಂದು ಆಗಾಗ ಕೇಳುತ್ತಾರೆ. ಮಾರುಕಟ್ಟೆಯ ಕಾರಣಗಳನ್ನು ಬಲ್ಲವರು ಹೇಳಲಿ. ಗ್ರಾಫಿಕ್ಸಿಗೆ ಸೇರಿದ ಒಂದು ಕಾರಣವನ್ನು ನಾನು ಹೇಳಬಲ್ಲೆ. ಆಟದೊಳಗೆ ಅಕ್ಷರವೂ ಒಂದು ಚಿತ್ರ. ಇಂಗ್ಲಿಷಿಗೆ ನೂರರಷ್ಟು ಅಕ್ಷರ, ಅಂಕಿ, ಚಿಹ್ನೆಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟು ಸ್ಪ್ರೈಟ್‌ಗಳಂತೆ ಒಂದರ ಪಕ್ಕ ಒಂದನ್ನು ಇಟ್ಟರೆ ಕೆಲಸ ನಡೆಯುತ್ತದೆ. ಬಹುಕಾಲ ಆಟದ ಎಂಜಿನ್‌ಗಳು, ಅಂದರೆ ಆಟ ಕಟ್ಟಲು ಬಳಸುವ ತಂತ್ರಾಂಶಗಳು, ಮಾಡಿದ್ದೂ ಇದನ್ನೇ. ಕನ್ನಡಕ್ಕೆ ಇದು ಸಾಲದು. ಒತ್ತಕ್ಷರ ಕೆಳಗೆ ಇಳಿಯಬೇಕು, ಗುಣಿತಾಕ್ಷರ ಮೂಲ ಅಕ್ಷರದ ತಲೆಕಟ್ಟನ್ನೇ ಬದಲಿಸುತ್ತದೆ, ‘ಸೂರ್ಯ’ ಎನ್ನುವಲ್ಲಿ ಮೊದಲು ಉಚ್ಚರಿಸುವ ರಕಾರ ಅರ್ಕಾವೊತ್ತಾಗಿ ಯಕಾರದ ನಂತರ ಬಂದು ಕೂರುತ್ತದೆ. 34 ವ್ಯಂಜನಗಳು, ಅವುಗಳ ಒತ್ತುಗಳು, ಸ್ವರಚಿಹ್ನೆಗಳು ಕೂಡಿ ಆಗುವ ಸಾವಿರಾರು ರೂಪಗಳನ್ನು ಹಾಳೆಯಲ್ಲಿ ಬರೆದಿಡುವುದು ವ್ಯಾವಹಾರಿಕವಲ್ಲ. ಫಾಂಟಿನೊಳಗಿನ ನಿಯಮಗಳನ್ನು ಓದಿ, ಪ್ರತಿ ಪದಕ್ಕೂ ಲೆಕ್ಕ ಹಾಕಿಯೇ ಜೋಡಿಸಬೇಕು. ಈ ಲೆಕ್ಕವನ್ನು ಮಾಡಿಕೊಡುವ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಬ್ರೌಸರುಗಳಲ್ಲಿ, ಫೋನುಗಳಲ್ಲಿ ಹಿಂದಿನಿಂದ ಇದೆ. ಉಚಿತವಾಗಿ ಸಿಗುವ ಗೊಡೋ ಎಂಜಿನ್ 2023ರಲ್ಲಿ ಬಿಡುಗಡೆಯಾದ ತನ್ನ ನಾಲ್ಕನೆಯ ಆವೃತ್ತಿಯಲ್ಲಿ ಅದನ್ನು ಅಳವಡಿಸಿಕೊಂಡಿತು. ಕನ್ನಡದಲ್ಲಿ ಆಟ ಮಾಡಲು ಹೊರಟವರು ಬೆಳಕು, ನೆರಳುಗಳ ಸೌಲಭ್ಯ ನೋಡುವ ಮೊದಲು, ಆರಿಸಿದ ಎಂಜಿನ್‌ನಲ್ಲಿ ‘ಸೂರ್ಯ’, ‘ರಾಷ್ಟ್ರ’, ‘ಸ್ತ್ರೀ’ ಎಂಬ ಮೂರು ಪದಗಳನ್ನು ಬರೆಸಿ ನೋಡುವುದು ಒಳ್ಳೆಯದು.